ಕರೆಯದೆ ಹೋಗುವ ಮನೆ

ಸಾಹೇಬರು ಮೊದಲ ದಿನ ನನ್ನನ್ನು ಕೇಳಿದ್ದು ಮೂರೇ ಪ್ರಶ್ನೆ. ಕನ್ನಡ ಟೈಪಿಂಗ್ ಬರುತ್ತದೆಯೇ, ಸಿಟ್ಟು ಬೇಗ ಬರುತ್ತದೆಯೇ, ಊರು ಯಾವುದು. ಭದ್ರಾವತಿ ಎಂದೆ. ಭದ್ರಾವತಿಯಲ್ಲಿ ಎಲ್ಲಿ ಎಂದರು. ಹಳೇನಗರದಲ್ಲಿ ಹೊಳೆಯ ಕಡೆಗೆ ಇಳಿಯುವ ಕೇರಿ ಎಂದು ಹೇಳಿ, ಗುರುತಿಗೆ ಇರಲಿ ಎಂದು, ಹಿತ್ತಲಲ್ಲಿ ದೊಡ್ಡ ನುಗ್ಗೆಮರ ಇರುವ ಮನೆಯ ಪಕ್ಕದ ಮನೆ ನಮ್ಮದು ಎಂದೂ ಸೇರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ಮರ ಇನ್ನೂ ಇದೆಯಾ?"

ಅದನ್ನು ನಾನು ಪ್ರಶ್ನೆಯೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಡೈರಿಯಲ್ಲಿ ಮೂರು ಎಂದೇ ಬರೆದೆ. ಅವರು ನಿಜವಾಗಿ ಕೇಳಿದ್ದು ಅದೊಂದನ್ನೇ ಎಂದು ತಿಳಿಯಲು ನನಗೆ ಕೆಲವು ತಿಂಗಳು ಬೇಕಾದವು.

ಶಿವಮೊಗ್ಗದ ರವೀಂದ್ರನಗರದಲ್ಲಿ ಅವರ ಮನೆ. ಮುಂದಿನ ಕೋಣೆಯೇ ಕಚೇರಿ. ಅಲ್ಲಿ ಕುಳಿತು ವಾರ್ಡಿನ ದೂರುಗಳನ್ನು ಬರೆದುಕೊಳ್ಳುವುದು, ಪಾಲಿಕೆಗೆ ಪತ್ರ ಟೈಪ್ ಮಾಡುವುದು, ಸಾಹೇಬರು ಯಾವತ್ತು ಎಲ್ಲಿಗೆ ಹೋಗಬೇಕೆಂದು ನೋಡಿಕೊಳ್ಳುವುದು ನನ್ನ ಕೆಲಸ. ಭದ್ರಾವತಿಯಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತಿದ್ದೆ. ವಾರ್ಡಿನ ಜನ ಅವರನ್ನು ಕಾರ್ಪೊರೇಟರ್ ಎನ್ನುತ್ತಿರಲಿಲ್ಲ, ರಾಯಭಾರಿ ಸಾಹೇಬ್ರು ಎನ್ನುತ್ತಿದ್ದರು. ಎದುರಿಗೆ ಗೌರವದಿಂದ, ಬೆನ್ನ ಹಿಂದೆ ಸ್ವಲ್ಪ ನಗುತ್ತ.

ಅವರು ನಿಜಕ್ಕೂ ರಾಯಭಾರಿಯಾಗಿದ್ದವರು. ತಂದೆ ಭದ್ರಾವತಿಯ ಕಾರ್ಖಾನೆಯಲ್ಲಿ ಗುಮಾಸ್ತರು. ಕ್ವಾರ್ಟರ್ಸಿನ ಎರಡು ಕೋಣೆಯ ಮನೆಯಲ್ಲಿ ಬೆಳೆದ ಹುಡುಗ ವಿದೇಶಾಂಗ ಸೇವೆಗೆ ಆಯ್ಕೆಯಾಗಿ ಮೊದಲು ಕೊಲ್ಲಿಯ ಒಂದು ದೇಶಕ್ಕೆ, ಆಮೇಲೆ ಆಫ್ರಿಕಕ್ಕೆ, ಹೀಗೆ ಎಲ್ಲೆಲ್ಲೋ ಇದ್ದು ಕೊನೆಗೆ ವರ್ಷದ ಅರ್ಧ ಭಾಗ ಹಿಮ ಬೀಳುವ ಒಂದು ಸಣ್ಣ ದೇಶಕ್ಕೆ ರಾಯಭಾರಿಯಾದರು. ಅಲ್ಲೇ ಅವರ ಹೆಂಡತಿ ತೀರಿಕೊಂಡರು. ಮಕ್ಕಳಿರಲಿಲ್ಲ. ನಿವೃತ್ತರಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ಒಂದು ಪಕ್ಷ ಅವರನ್ನು ಲೋಕಸಭೆಗೆ ನಿಲ್ಲಿಸಿತು. ಸೋತರು. ಆ ಪ್ರಚಾರದ ಕಥೆಯನ್ನು ನನಗೆ ಹೇಳಿದವನು ಕಾರಿನ ಡ್ರೈವರ್. ಅವನೂ ಭದ್ರಾವತಿಯವನೇ. ಮನೆಯಲ್ಲಿ ತಮಿಳು, ಹೊರಗೆ ನಮಗಿಂತ ಚೆನ್ನಾಗಿ ಕನ್ನಡ.

"ವೇದಿಕೆ ಮೇಲೆ ನಿಂತ್ಕೊಂಡು ಎದುರು ಪಾರ್ಟಿಯವನ್ನ 'ನನ್ನ ಗೌರವಾನ್ವಿತ ಮಿತ್ರರು' ಅಂದ್ರೆ ಯಾರು ಓಟು ಹಾಕ್ತಾರೆ ಮಾರಾಯ್ತಿ? ಜನ ಆ ಮಿತ್ರನಿಗೇ ಹಾಕಿದ್ರು."

ಆಮೇಲೆ ಪಕ್ಷ ಬಿಟ್ಟು ವಾರ್ಡಿಗೆ ನಿಂತು ಗೆದ್ದರು. ರಾಯಭಾರಿಯಾಗಿದ್ದವರು ಚರಂಡಿ ಬೀದಿದೀಪ ನೋಡಿಕೊಳ್ಳುವುದೇ ಎಂದು ಕೆಲವರು ಮರುಗಿದರು. ಅವರಿಗೆ ಹಾಗೇನೂ ಅನಿಸಿದಂತಿರಲಿಲ್ಲ. ಒಮ್ಮೆ ಅಕ್ಕಪಕ್ಕದ ಮನೆಯ ಇಬ್ಬರು ಬಟ್ಟೆ ಒಗೆದ ನೀರಿನ ವಿಷಯಕ್ಕೆ ಕಿತ್ತಾಡಿಕೊಂಡು ಬಂದರು. ಇವರ ನೀರು ಅವರ ಗೇಟಿನ ಮುಂದೆ ನಿಲ್ಲುತ್ತದೆ ಎಂಬುದು ಜಗಳ. ಸಾಹೇಬರು ನನ್ನ ಕುರ್ಚಿಯನ್ನೂ ತರಿಸಿ, ಎರಡು ಕುರ್ಚಿಗಳ ಎತ್ತರ ಒಂದೇ ಇದೆಯೆಂದು ನೋಡಿ, ಇಬ್ಬರನ್ನೂ ಎದುರುಬದುರು ಕೂರಿಸಿದರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ತೆರೆಯುವಂತಿಲ್ಲ. ಒಪ್ಪಿದ ಮಾತನ್ನೆಲ್ಲ ನಾನು ಬರೆದುಕೊಳ್ಳಬೇಕು, ಇಬ್ಬರೂ ಸಹಿ ಹಾಕಬೇಕು. ಕೊನೆಗೆ ಕಾಫಿ. ಹೊರಗೆ ಬಂದ ಒಬ್ಬರು ಇನ್ನೊಬ್ಬರಿಗೆ, "ಏನ್ರೀ ಇದು, ಪಾಕಿಸ್ತಾನದ ಥರ ಮಾಡ್ಬಿಟ್ರಲ್ಲ ನಮ್ಮನ್ನ" ಎಂದು ನಗುತ್ತಿದ್ದುದನ್ನು ಕಿಟಕಿಯಿಂದ ಕೇಳಿದೆ. ನೀರಿನ ಜಗಳ ಅಲ್ಲಿಗೆ ಮುಗಿಯಿತು.

ನನಗೆ ಚಿಕ್ಕಂದಿನಿಂದ ಎಲ್ಲವನ್ನೂ ಬರೆದಿಡುವ ಅಭ್ಯಾಸ. ಅವರ ಭೇಟಿಗಳನ್ನೂ ಮೂರು ಸಾಲಿನಲ್ಲಿ ಬರೆದಿಡುತ್ತಿದ್ದೆ: ಮದುವೆ, ಗೃಹಪ್ರವೇಶ, ಸಾವು. ತಿಂಗಳ ಕೊನೆಗೆ ಕೂಡಿಸುತ್ತಿದ್ದೆ. ರಾಜಕೀಯದಲ್ಲಿರುವವರು ಈ ಮೂರಕ್ಕೂ ಹೋಗಲೇಬೇಕು. ಮೊದಲೆರಡಕ್ಕೆ ಮನೆಗೆ ಬಂದು ಕರೆದರೆ ಹೋಗುವುದು. ಕರೆಯದಿದ್ದರೆ ಎಷ್ಟೇ ಹತ್ತಿರದವರಾದರೂ ಹೋಗುವಂತಿಲ್ಲ. ಸಾವಿಗೆ ಮಾತ್ರ ಕರೆ ಎಂಬುದಿಲ್ಲ. ಸುದ್ದಿ ತಿಳಿದ ಮೇಲೆ ಹೋಗದಿದ್ದರೆ ತಪ್ಪು. ಹೊರಡುವಾಗ "ಬರ್ತೀನಿ" ಎನ್ನಬಾರದು. ಆ ಮಾತು ಆ ಮನೆಗೆ ಇನ್ನೊಂದು ಸಾವನ್ನು ಕರೆದಂತೆ. ಸುಮ್ಮನೆ ಎದ್ದು, ಹಿಂದೆ ನೋಡದೆ ಬಂದು, ಮನೆಯಲ್ಲಿ ಸ್ನಾನ ಮಾಡಿಯೇ ಒಳಗೆ ಹೋಗಬೇಕು. ಅಷ್ಟು ವರ್ಷ ಹೊರದೇಶದಲ್ಲಿದ್ದುದರಿಂದ ಇವೆಲ್ಲ ಮರೆತಿರಬಹುದೆಂದು ನಾನು ಒಮ್ಮೆ ನೆನಪಿಸಿದೆ. ಅವರು ನಕ್ಕು, "ಪ್ರೋಟೋಕಾಲ್ ನಂಗೆ ಹೇಳ್ಕೊಡ್ತೀಯೇನಮ್ಮ?" ಎಂದರು. ಒಂದು ಸಲವೂ ತಪ್ಪಲಿಲ್ಲ.

ಬೆಳಿಗ್ಗೆ ನಾನು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದಂತೆ ಅವರ ಮೊದಲ ಮಾತು, "ನಿಮ್ಮ ಕೇರೀಲಿ ಎಲ್ಲ ಸೌಖ್ಯವಾ?" ನಾನು ಸೌಖ್ಯ ಎನ್ನುತ್ತಿದ್ದೆ. ಅವರು ಪೇಪರಿನತ್ತ ತಿರುಗುತ್ತಿದ್ದರು. ಅವರ ಪಾಲಿಗೆ ಕೇರಿಯೆಂದರೆ ಒಬ್ಬರೇ ಎಂದು ನನಗೆ ಹೇಳಿದವರು ನಮ್ಮ ಅಜ್ಜಿ, ನನ್ನ ತಂದೆಯ ತಾಯಿ.

ನುಗ್ಗೆಮರದ ಮನೆಯಲ್ಲಿ ಇರುವವರನ್ನು ಇಡೀ ಕೇರಿ ದೊಡ್ಡಮ್ಮ ಎಂದು ಕರೆಯುತ್ತದೆ. ವಯಸ್ಸು ತೊಂಬತ್ತರ ಹತ್ತಿರ. ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ. ಸಾಹೇಬರಿಗೆ ಅವರು ಸೋದರತ್ತೆ, ತಂದೆಯ ತಂಗಿ. ಅತ್ತೆಯೂ ಹೌದು, ಅವರ ಒಬ್ಬಳೇ ಮಗಳನ್ನು ಸಾಹೇಬರು ಮದುವೆಯಾಗಿದ್ದರು.

"ಮಗಳನ್ನ ದೂರ ಕೊಡೋದು ಬೇಡ ಅಂತ ಅಣ್ಣನ ಮಗನಿಗೇ ಕೊಟ್ಲು ಕಣೇ," ಅಜ್ಜಿ ಹೇಳಿದ್ದರು. "ಕ್ವಾರ್ಟರ್ಸಿಂದ ಹಳೇನಗರಕ್ಕೆ ಎಷ್ಟು ದೂರ? ಸೇತುವೆ ದಾಟಿದ್ರೆ ಆಯ್ತು. ಆ ಪುಣ್ಯಾತ್ಮ ಭೂಮಿ ಆ ಕಡೆಗೇ ಕರ್ಕೊಂಡ್ ಹೋದ."

ಮಗಳು ಸತ್ತ ಸುದ್ದಿ ದೊಡ್ಡಮ್ಮನಿಗೆ ಬಂದದ್ದು ಸರ್ಕಾರಿ ಜೀಪಿನಲ್ಲಿ. ಒಬ್ಬ ಅಧಿಕಾರಿ, ಜೊತೆಗೆ ಇನ್ನೊಬ್ಬ. ಬಾಗಿಲು ತಟ್ಟಿ, ಕೂತುಕೊಳ್ಳಿ ಅಮ್ಮ ಎಂದು ಅವರನ್ನು ಕೂರಿಸಿ, ಹೀಗೆ ಹೀಗೆ ಎಂದರಂತೆ. ಅಷ್ಟು ಹೊತ್ತಿಗೆ ಅಲ್ಲಿ ದಹನವೂ ಆಗಿತ್ತು. ಅಳಿಯನ ಫೋನು ಬಂದದ್ದು ಸಂಜೆ. ದೊಡ್ಡಮ್ಮ ಅದನ್ನು ಎತ್ತಲಿಲ್ಲ. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಹುಡುಗ, ಮಗಳ ಸಾವನ್ನು ಅಪರಿಚಿತರ ಬಾಯಲ್ಲಿ ಹೇಳಿಕಳಿಸಿದ. ಅವರ ಸಿಟ್ಟು ಅಷ್ಟೇ. ಅದು ಆರಲೇ ಇಲ್ಲ.

ಊರಿಗೆ ಮರಳಿ ರವೀಂದ್ರನಗರದ ಮನೆ ಕಟ್ಟಿದಾಗ ಸಾಹೇಬರು ಗೃಹಪ್ರವೇಶಕ್ಕೆ ಕರೆಯಲು ತಾವೇ ಬಂದಿದ್ದರಂತೆ. ದೊಡ್ಡಮ್ಮ ಬಾಗಿಲು ತೆರೆಯಲಿಲ್ಲ. ಅವರು ಪತ್ರಿಕೆಯನ್ನು ಹೊಸ್ತಿಲ ಮೇಲಿಟ್ಟು, ಮೇಲೆ ಅಕ್ಷತೆ ಇಟ್ಟು, ಸ್ವಲ್ಪ ಹೊತ್ತು ನಿಂತು ಹೋದರು. ಈ ಕಡೆಯಿಂದ ಕರೆದಾಗಿತ್ತು. ಇನ್ನು ಆ ಕಡೆಯಿಂದ ಕರೆಯಬೇಕು. ನಮ್ಮಲ್ಲಿ ಕ್ರಮ ಹಾಗೆ. ಅಂದಿನಿಂದ ಅವರು ನಮ್ಮ ಕೇರಿಗೆ ಕಾಲಿಟ್ಟಿರಲಿಲ್ಲ.

ಆದರೆ ಸುದ್ದಿಗೆ ಕ್ರಮವಿರಲಿಲ್ಲ. ನಮ್ಮ ಹಿತ್ತಿಲಿಗೂ ದೊಡ್ಡಮ್ಮನ ಹಿತ್ತಿಲಿಗೂ ನಡುವೆ ಎದೆಯೆತ್ತರದ ಗೋಡೆ. ಸಂಜೆ ನಾನು ಬಂದು ಕಾಫಿ ಕುಡಿಯುವಾಗ ಅಜ್ಜಿ ಎಲ್ಲವನ್ನೂ ಕೇಳಿಕೊಂಡು ಹಿತ್ತಿಲಿಗೆ ಹೋಗಿ ಗೋಡೆಗೆ ಹೇಳುವರು. ದೊಡ್ಡಮ್ಮನಿಗಲ್ಲ, ಗೋಡೆಗೆ.

"ಅವನಿಗೆ ಶುಗರ್ ಜಾಸ್ತಿ ಆಗಿದೆಯಂತೆ."

ಆ ಕಡೆಯಿಂದ, "ನಾನೇನು ಕೇಳಿದ್ನಾ?"

"ನೀನು ಕೇಳ್ದೆ ಅಂತ ಯಾರಂದ್ರು? ನಾನು ಬಟ್ಟೆ ತೆಗೀತಿದೀನಿ."

ಸ್ವಲ್ಪ ಹೊತ್ತು ಬರೀ ಪಾತ್ರೆಯ ಸದ್ದು. ಆಮೇಲೆ ಆ ಕಡೆಯಿಂದ, "ಎಷ್ಟಂತೆ?"

ಬೆಳಿಗ್ಗೆ ಅದೇ ದಾರಿಯಲ್ಲಿ ಸುದ್ದಿ ಹಿಂದಕ್ಕೆ ಹೋಗುತ್ತಿತ್ತು. "ನಮ್ಮ ಕೇರೀಲಿ ಸೌಖ್ಯ ಸರ್. ಒಬ್ಬರಿಗೆ ಮೊಣಕಾಲು ನೋವಂತೆ. ಎಣ್ಣೆ ಹಚ್ಚಿದಾರೆ, ಈಗ ಓಡಾಡ್ತಿದಾರೆ." ಸಾಹೇಬರು ತಲೆಯಾಡಿಸಿ, "ಯಾವ ಎಣ್ಣೆ?" ಎನ್ನುವರು. ಎರಡು ದೇಶಗಳ ನಡುವೆ ಮಾತು ನಿಂತಾಗಲೂ ಮೂರನೆಯವರ ಮೂಲಕ ಸುದ್ದಿ ನಡೆಯುತ್ತಿರುತ್ತದೆ, ಅದು ನಿಲ್ಲಬಾರದು ಎಂದು ಒಮ್ಮೆ ಹೇಳಿದರು. ನಮ್ಮ ಅಜ್ಜಿಗೆ ಇದನ್ನು ಹೇಳಿದಾಗ ಅವರು, "ಹಾಗಾದ್ರೆ ನಂಗೂ ಸಂಬಳ ಕೊಡೋಕೆ ಹೇಳು" ಎಂದರು.

ಹೊಳಲೂರಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ತೀರಿಕೊಂಡಾಗ ನಾನೂ ಜೊತೆಗೆ ಹೋಗಿದ್ದೆ. ಸಾಹೇಬರು ಎಂದಿನಂತೆ ಚಾಪೆಯ ಮೇಲೆ ಅರ್ಧ ಗಂಟೆ ಕುಳಿತರು. ಒಂದು ಮಾತೂ ಆಡಲಿಲ್ಲ. ಎದ್ದು ಕೈಮುಗಿದು ಬಂದರು. ಹಿಂದೆ ಬರುವಾಗ ಕಾರಿನಲ್ಲಿ ನಾನು ಕೇಳಿದೆ.

"ನೀವು ಏನೂ ಮಾತಾಡಲ್ಲ ಸರ್. ಜನ ತಪ್ಪು ತಿಳ್ಕೊಳ್ಳಲ್ವಾ?"

"ಮಾತಾಡೋರು ಬೇಕಾದಷ್ಟು ಜನ ಬರ್ತಾರಮ್ಮ."

ಆಮೇಲೆ ಅವರಾಗಿಯೇ ಹೇಳಿದರು. ಕೊಲ್ಲಿಯಲ್ಲಿದ್ದಾಗ, ಅಲ್ಲಿಗೆ ಕೂಲಿಗೆ ಬಂದ ನಮ್ಮವರು ಸತ್ತರೆ ದೇಹವನ್ನು ಊರಿಗೆ ಕಳಿಸುವುದು, ಮನೆಯವರಿಗೆ ತಿಳಿಸುವುದು ಅವರ ಕೆಲಸವಾಗಿತ್ತು. ಮೊದಲ ಸಲ ಫೋನು ಮಾಡಿ ತಿಳಿಸಿದರು. ಫೋನು ಎತ್ತಿದ್ದು ಸತ್ತವನ ಹೆಂಡತಿ. ಮನೆಯಲ್ಲಿ ಒಬ್ಬಳೇ ಇದ್ದಳು. ಒಲೆಯ ಮೇಲೆ ಏನೋ ಇಟ್ಟಿದ್ದಳು. ರಿಸೀವರ್ ಕೆಳಗೆ ಬಿದ್ದ ಸದ್ದಾಯಿತು. ಲೈನು ಕಟ್ಟಾಗಲಿಲ್ಲ. ಆ ಕಡೆ ಅವಳು ಕೂಗುವುದೂ, ಒಲೆಯ ಮೇಲಿನದು ಸೀಯುತ್ತಿರುವಾಗಿನ ಸದ್ದೂ ಕೇಳುತ್ತಲೇ ಇತ್ತು. ಇವರು ಈ ಕಡೆಯಿಂದ ಹಲೋ ಹಲೋ ಎನ್ನುತ್ತಿದ್ದರು. ಯಾರೂ ಬರಲಿಲ್ಲ.

"ಅವತ್ತೇ ನಿಯಮ ಮಾಡ್ಕೊಂಡೆ. ಸಾವನ್ನ ಫೋನಲ್ಲಿ ಹೇಳ್ಬಾರ್ದು. ಒಬ್ಬ ಮನುಷ್ಯ ಮನೆಗೆ ಹೋಗ್ಬೇಕು, ಕೂರಿಸ್ಬೇಕು, ಆಮೇಲೆ ಹೇಳ್ಬೇಕು. ಬೀಳೋರನ್ನ ಹಿಡ್ಕೊಳ್ಳೋಕೆ ಎರಡು ಕೈ ಇರ್ಬೇಕು ಅಲ್ಲಿ. ಎಲ್ಲಿ ಹೋದ್ರೂ ಅದನ್ನ ಬಿಡ್ಲಿಲ್ಲ. ಎಷ್ಟೋ ಮನೆಯವರು ಆಮೇಲೆ ಒಳ್ಳೇದು ಮಾಡಿದ್ರಿ ಅಂದಿದಾರೆ."

ಕಾರು ತುಂಗೆಯ ಪಕ್ಕದಲ್ಲಿ ಹೋಗುತ್ತಿತ್ತು. ಅವರು ಕಿಟಕಿಯಾಚೆ ನೋಡುತ್ತಿದ್ದರು.

"ಒಂದು ಮನೆಗೆ ಮಾತ್ರ ಅದು ಸರಿಯಾಗ್ಲಿಲ್ಲ."

ಜೀಪಿನಲ್ಲಿ ಹೋದ ಆ ಇಬ್ಬರು ಯಾರೆಂದು ನನಗೆ ಆಗ ಅರ್ಥವಾಯಿತು. ಅತ್ತೆ ಒಬ್ಬರೇ ಇದ್ದಾರೆ, ಬಿದ್ದರೆ ಹಿಡಿದುಕೊಳ್ಳುವವರಿಲ್ಲ ಎಂದು ಕೈಗಳನ್ನು ಕಳಿಸಿದ್ದರು. ಎಲ್ಲ ಮನೆಗಳಿಗೆ ಕಳಿಸಿದ ಹಾಗೆ.

"ಹೋಗಿ ಹೇಳ್ಬಹುದಲ್ಲ ಸರ್, ಅವರಿಗೆ?"

"ಹೇಗೆ ಹೋಗ್ಲಿ? ಕರೀಬೇಕಲ್ಲ." ನನಗಲ್ಲ ಎನ್ನುವಂತೆ ಹೇಳಿದರು: "ಆ ಮನೆಗೆ ನಾನು ಕರೆಯದೆ ಹೋಗಬಹುದಾದ ದಿನ ಒಂದೇ. ಆ ದಿನ ಅತ್ತೆ ಇರಲ್ಲ. ದಿನಾ ಬೆಳಿಗ್ಗೆ ನೀನು ಬಾಗಿಲಲ್ಲಿ ಕಂಡ ಕೂಡ್ಲೇ ನಂಗೆ ಅದೇ ಭಯ."

ಮುಂದೆ ಕುಳಿತ ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ನೋಡಿ ಕಣ್ಣು ತೆಗೆದ. ಆ ತಿಂಗಳು ಸಾವಿನ ಸಾಲು ಮದುವೆಯ ಸಾಲಿಗಿಂತ ಉದ್ದವಾಗಿತ್ತು. ಅಂದಿನಿಂದ ಮನೆಯ ಮೆಟ್ಟಿಲು ಹತ್ತುವಾಗಲೇ ಅವರಿಗೆ ಕೇಳುವಂತೆ, "ಎಲ್ಲ ಸೌಖ್ಯ ಸರ್" ಎನ್ನುವುದನ್ನು ರೂಢಿ ಮಾಡಿಕೊಂಡೆ.

ಫೆಬ್ರವರಿಯ ಒಂದು ಗುರುವಾರ ಬೆಳಗಿನ ಜಾವ ಹೋದವರು ನಮ್ಮ ಅಜ್ಜಿ. ಕಾಯಿಲೆ ಇರಲಿಲ್ಲ. ನಾನು ಎಬ್ಬಿಸಲು ಹೋದಾಗ ಕೈ ತಣ್ಣಗಿತ್ತು. ಆ ದಿನದ ಬಗ್ಗೆ ನನ್ನ ಡೈರಿಯಲ್ಲಿ ವಾರ ಮತ್ತು ತಾರೀಕು ಮಾತ್ರ ಇವೆ. ಬರೆಯಲು ಆಗಲಿಲ್ಲ. ನೆನಪಿರುವುದು ಇಷ್ಟು: ದೊಡ್ಡಮ್ಮ ನಮ್ಮ ಹಿತ್ತಿಲ ಬಾಗಿಲಿನಿಂದ ಬಂದು, ಅಜ್ಜಿಯ ತಲೆಯ ಹತ್ತಿರ ಕುಳಿತು, ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದರು. ಅಳಲಿಲ್ಲ.

"ಇನ್ನು ಯಾರ ಹತ್ರ ಜಗಳ ಆಡ್ಲೇ ಮಾರಾಯ್ತಿ?" ಎಂದರು.

ಸಾಹೇಬರಿಗೆ ಸುದ್ದಿಯನ್ನು ನಾನು ಫೋನಿನಲ್ಲಿ ಹೇಳಲಿಲ್ಲ. ಡ್ರೈವರನ ಮನೆ ಕಾರ್ಖಾನೆಯ ಕಡೆ. ನಮ್ಮ ಚಿಕ್ಕಪ್ಪ ಅವನಿಗೆ ತಿಳಿಸಿದರು. ಅವನು ಶಿವಮೊಗ್ಗಕ್ಕೆ ಹೋಗಿ ಒಳಗೆ ನಿಂತು, ಮೊದಲು "ದೊಡ್ಡಮ್ಮ ಚೆನ್ನಾಗಿದಾರೆ ಸಾಹೇಬ್ರೆ" ಎಂದು ಹೇಳಿ, ಆಮೇಲೆ ವಿಷಯ ಹೇಳಿದನಂತೆ.

ಅಂದೇ ಸಂಜೆ ಅಜ್ಜಿಯ ಸಂಸ್ಕಾರ ಮುಗಿಯಿತು. ಮರುದಿನ, ಶುಕ್ರವಾರ, ಹತ್ತು ಗಂಟೆಯ ಹೊತ್ತಿಗೆ ಸಾಹೇಬರು ಬಂದರು. ಕಾರನ್ನು ಕೇರಿಯ ತುದಿಯಲ್ಲೇ ನಿಲ್ಲಿಸಿ ನಡೆದು ಬಂದರು. ನುಗ್ಗೆಮರದ ಮನೆಯ ಮುಂದೆ ಹಾದು ಬರುವಾಗ ತಲೆ ಎತ್ತಲಿಲ್ಲ. ನಮ್ಮ ಪಡಸಾಲೆಯ ಚಾಪೆಯ ಮೇಲೆ ಅಪ್ಪನ ಎದುರು ಕುಳಿತರು. ಅಪ್ಪನಿಗೆ ಏನು ಮಾತಾಡಬೇಕೆಂದು ತಿಳಿಯದೆ, "ಊಟ ಮಾಡಿ ಮಲಗಿದ್ರು" ಎಂದು ಎರಡು ಸಲ ಹೇಳಿದರು. ಸಾಹೇಬರು ಎರಡು ಸಲವೂ ತಲೆಯಾಡಿಸಿದರು. ನಾನು ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತಿದ್ದೆ. ಅವರು ಬಂದು ಕುಳಿತ ಮೇಲೆ ನನಗೆ ಮೊದಲ ಸಲ ಅಳು ಬಂತು. ಅವರು ಸಮಾಧಾನ ಹೇಳಲಿಲ್ಲ. ನಾನು ಅತ್ತು ಮುಗಿಸುವವರೆಗೂ ಕುಳಿತಿದ್ದರು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಯವರು ಅನ್ನ ಸಾರು ತಂದುಕೊಡಬೇಕು. ಅಷ್ಟರಲ್ಲಿ ಹಿಂಬಾಗಿಲಿನಿಂದ ದೊಡ್ಡಮ್ಮನ ದನಿ ಕೇಳಿಸಿತು. "ಸಾರಿಗೆ ಉಪ್ಪು ಕಮ್ಮಿ ಇದೆ, ಬಡಿಸೋವಾಗ ನೋಡ್ಕೊಳ್ಳಿ. ಮಕ್ಕಳಿಗೆ ಮೊದ್ಲು ಹಾಕಿ." ಸಾಹೇಬರ ಕೈ ಮೊಣಕಾಲಿನ ಮೇಲಿತ್ತು. ಅದು ಒಮ್ಮೆ ಮಡಚಿ ಬಿಚ್ಚಿಕೊಂಡಿತು. ಅವರು ಎದ್ದರು, ಅಪ್ಪನಿಗೆ ಕೈಮುಗಿದರು, ಮೌನವಾಗಿ ಜಗಲಿಗೆ ಬಂದರು. ಅಲ್ಲಿಯವರೆಗೆ ಎಲ್ಲ ಕ್ರಮದಂತೆಯೇ ಇತ್ತು.

ದೊಡ್ಡಮ್ಮ ಮನೆಯ ಪಕ್ಕದ ಓಣಿಯಲ್ಲಿ ಸುತ್ತಿ, ಖಾಲಿ ಪಾತ್ರೆ ಹಿಡಿದು ಮುಂದಕ್ಕೆ ಬಂದರು. ಮೆಟ್ಟಿಲ ಹತ್ತಿರ ಇಬ್ಬರೂ ಎದುರುಬದುರಾದರು. ಸಾಹೇಬರು ನಿಂತರು. ಎಷ್ಟೋ ವರ್ಷ ಆ ಕೇರಿಯಿಂದ ಕ್ವಾರ್ಟರ್ಸಿಗೆ ಹೊರಡುವಾಗ ದಿನಾ ಹೇಳುತ್ತಿದ್ದ ಮಾತೇ ಇರಬೇಕು. ಅವರ ಬಾಯಿಂದ ಬಂದುಬಿಟ್ಟಿತು.

"ಬರ್ತೀನಿ ಅತ್ತೆ."

ಒಳಗೆ ಚಿಕ್ಕಮ್ಮ ಅಯ್ಯೋ ಎಂದರು. ಅಪ್ಪ ತಲೆ ತಗ್ಗಿಸಿದರು. ಸಾಹೇಬರು ತಮ್ಮ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡರು. ಶಾಲೆಯಲ್ಲಿ ತಪ್ಪು ಮಾಡಿದ ಹುಡುಗನ ಹಾಗೆ.

"ಏನಂದೆ?" ಎಂದರು ದೊಡ್ಡಮ್ಮ.

ಅವರ ಕೈ ಬಾಯಿಯ ಮೇಲೇ ಇತ್ತು.

"ಸಾವಿನ ಮನೆ ಮೆಟ್ಲಲ್ಲಿ ನಿಂತ್ಕೊಂಡು ಬರ್ತೀನಿ ಅಂತೀಯಾ? ಇನ್ನೂ ಒಬ್ರು ಸಾಯ್ಬೇಕಾ ಈ ಮನೇಲಿ ನೀನು ಬರೋಕೆ? ಮೀಸೆ ಬೆಳ್ಳಗಾಯ್ತು, ಬುದ್ಧಿ ಬರ್ಲಿಲ್ಲ. ಅಷ್ಟು ದೇಶ ತಿರುಗಿ ಇದೇನೋ ನೀನು ಕಲ್ತಿದ್ದು?"

"ತಪ್ಪಾಯ್ತು ಅತ್ತೆ. ಬಾಯಿಗೆ ಬಂದ್ಬಿಡ್ತು."

"ಬರುತ್ತೆ, ಬರುತ್ತೆ. ಬೇಡದಾಗ ಬರುತ್ತೆ. ಬೇಕಾದಾಗ ಬಾಯಿ ಇರಲ್ಲ ನಿಂಗೆ."

ಕೇರಿಯಲ್ಲಿ ಎರಡು ಮೂರು ಬಾಗಿಲು ತೆರೆದವು. ಇಷ್ಟು ವರ್ಷಗಳಲ್ಲಿ ದೊಡ್ಡಮ್ಮ ಅವರಿಗೆ ಆಡಿದ ಮೊದಲ ಮಾತು ಇದು ಎಂದು ಎಲ್ಲರಿಗೂ ಗೊತ್ತಿತ್ತು. ಸಾಹೇಬರು ಮೆಟ್ಟಿಲ ಮೇಲೆಯೇ ನಿಂತಿದ್ದರು. ಇಳಿದು ಹೋಗಬೇಕೋ ನಿಲ್ಲಬೇಕೋ ಅವರಿಗೆ ತಿಳಿಯಲಿಲ್ಲ.

"ಈಗ ಎಲ್ಲಿಗೆ ಹೊರಟೆ?"

"ಶಿವಮೊಗ್ಗಕ್ಕೆ. ಹೋಗಿ ಸ್ನಾನ ಮಾಡಿ..."

"ಅಂಥ ಮಾತು ಬಾಯಲ್ಲಿ ಇಟ್ಕೊಂಡು ಹೊಳೆ ದಾಟ್ತೀಯಾ?" ದೊಡ್ಡಮ್ಮ ಪಾತ್ರೆಯನ್ನು ಸೊಂಟಕ್ಕೆ ಸರಿಸಿಕೊಂಡರು. "ಬಚ್ಚಲಲ್ಲಿ ಹಂಡೆ ಕಾದಿದೆ. ನಾನೂ ಮೈಲಿಗೆ, ನೀನೂ ಮೈಲಿಗೆ. ಹಿತ್ಲಿಂದ ಬಾ."

ಅವರು ಅಲುಗಲಿಲ್ಲ.

"ಕರೀತಿರೋದು ಕೇಳಿಸ್ಲಿಲ್ವಾ? ಕಿವೀನೂ ಹೋಯ್ತಾ?"

"ಕೇಳಿಸ್ತು ಅತ್ತೆ," ಎಂದರು ಸಾಹೇಬರು.

ನಾನು ತೊಳೆಯಬೇಕಾದ ತಟ್ಟೆಗಳನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದೆ. ಹೋಗಲೇಬೇಕೆಂದೇನೂ ಇರಲಿಲ್ಲ. ಗೋಡೆಯ ಈ ಕಡೆ ಅಜ್ಜಿ ನಿಲ್ಲುತ್ತಿದ್ದ ಜಾಗದಲ್ಲಿ ಒಗೆಯುವ ಕಲ್ಲು ಇದೆ. ತಟ್ಟೆಗಳನ್ನು ಅದರ ಮೇಲಿಟ್ಟು ಅಲ್ಲೇ ನಿಂತೆ.

ದೊಡ್ಡಮ್ಮನ ಬಚ್ಚಲುಮನೆ ಹಿತ್ತಿಲ ಮೂಲೆಯಲ್ಲಿ ಬೇರೆಯಾಗಿಯೇ ಇದೆ. ಹಂಡೆಯ ಒಲೆಗೆ ತೆಂಗಿನ ಸಿಪ್ಪೆ ಹಾಕಿದ್ದರು, ಹೊಗೆ ನಮ್ಮ ಕಡೆಗೇ ಬರುತ್ತಿತ್ತು. ಒಳಗೆ ನೀರು ತೋಡುವ ಸದ್ದು. ದೊಡ್ಡಮ್ಮ ಹೊರಗೆ ಮಣೆ ಹಾಕಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು. ತೊಡೆಯ ಮೇಲೆ ಮಡಿಸಿದ ಬಿಳಿ ಪಂಚೆ, ತೀರಿಕೊಂಡ ಅವರ ಯಜಮಾನರದು.

"ತಲೆಗೆ ಹಾಕ್ಕೊಂಡ್ಯಾ?"

"ಹಾಕ್ಕೊಂಡೆ ಅತ್ತೆ."

"ಬಿಸಿ ಜಾಸ್ತಿ ಇದ್ರೆ ತೊಟ್ಟೀಲಿ ತಣ್ಣೀರಿದೆ, ಬೆರೆಸ್ಕೋ."

ಒಳಗೆ ತೊಟ್ಟಿಯಿಂದ ತಣ್ಣೀರು ತೋಡಿ ಬೆರೆಸಿದ ಸದ್ದು. ಆಮೇಲೆ ದೊಡ್ಡಮ್ಮ, ಅದೇ ದನಿಯಲ್ಲಿ, ತಣ್ಣೀರಿನ ವಿಷಯ ಹೇಳಿದ ಹಾಗೆಯೇ ಕೇಳಿದರು: "ಅವಳ ಬಾಯಿಗೆ ನೀರು ಯಾರು ಬಿಟ್ರು?"

ಒಳಗೆ ಚೊಂಬಿನ ಸದ್ದು ನಿಂತಿತು.

"ನಾನೇ ಬಿಟ್ಟೆ."

"ಯಾವ ನೀರು?"

"ಬಾಟಲಿ ನೀರು ಅತ್ತೆ. ಆಸ್ಪತ್ರೇಲಿ ಅದೇ ಇದ್ದಿದ್ದು."

"ತಣ್ಣಗಿತ್ತಾ?"

"ಇಲ್ಲ. ತಣ್ಣಗಿದ್ರೆ ಅವಳ ಹಲ್ಲಿಗೆ ಜುಮ್ ಅನ್ನುತ್ತಲ್ಲ. ನನ್ನ ಕೋಟಿನ ಒಳಗೆ ಇಟ್ಕೊಂಡಿದ್ದೆ."

ದೊಡ್ಡಮ್ಮ ತಲೆಯಾಡಿಸಿದರು. ಚಿಕ್ಕಂದಿನಿಂದ ಹಾಗೇ ಅವಳಿಗೆ, ಎಂದು ಮೆಲ್ಲಗೆ ಹೇಳಿಕೊಂಡರು. ಅದು ಒಳಗೆ ಕೇಳಿಸಿರಲಿಕ್ಕಿಲ್ಲ.

"ಊರಿಗೆ ಯಾಕೆ ತರ್ಲಿಲ್ಲ? ಯಾರ್ಯಾರನ್ನೋ ಕಳಿಸ್ತಿದ್ದೆ."

"ಅವಳೇ ಬೇಡ ಅಂದ್ಲು."

"ಏನಂದ್ಲು? ಅವಳು ಹೇಳಿದ ಹಾಗೇ ಹೇಳು."

ಸಾಹೇಬರು ಹೆಂಡತಿಯ ಮಾತನ್ನು ಒಂದೊಂದಾಗಿ ಹೇಳಿದರು. "ನೀವು ಸೈನ್ ಹಾಕಿ ಕಳಿಸೋ ಪೆಟ್ಟಿಗೆಗಳನ್ನ ನಾನು ನೋಡಿದೀನಿ ಕಣ್ರೀ. ಲಗೇಜ್ ಜೊತೆ ಹಾಕ್ತಾರೆ. ಅಮ್ಮ ಆ ಪೆಟ್ಟಿಗೆ ನೋಡ್ಬಾರ್ದು. ನಾನು ಓಡಾಡ್ತಿದ್ದ ಹಾಗೇ ಅವರಿಗೆ ನೆನಪಿರ್ಲಿ, ಅಂದ್ಲು."

ಹೊಗೆ ಕಣ್ಣಿಗೆ ಬರುತ್ತಿತ್ತು. ನಾನು ತಟ್ಟೆಗಳನ್ನು ಮುಟ್ಟಿರಲಿಲ್ಲ.

"ಹೌದು. ಅವಳೇ ಅದು. ಅವಳು ಹಾಗೇ ಅಂತಿದ್ಲು," ಎಂದರು ದೊಡ್ಡಮ್ಮ. ಸೆರಗಿನಿಂದ ಮುಖ ಒರೆಸಿಕೊಂಡರು. "ಆ ಜೀಪಿನವರು ಹೋದ ಮೇಲೆ ನಾನು ಇಲ್ಲೇ ಸ್ನಾನ ಮಾಡ್ದೆ. ಒಬ್ಬಳೇ. ಜೊತೆಗೆ ತಲೆ ಮೇಲೆ ನೀರು ಹಾಕ್ಕೊಳ್ಳೋರು ಯಾರೂ ಇರ್ಲಿಲ್ಲ."

"ನಾನೂ ಒಬ್ಬನೇ ಮಾಡಿದ್ದು ಅತ್ತೆ. ನೀವು ಬಿದ್ರೆ ಹಿಡ್ಕೊಳ್ಳೋಕೆ ಯಾರಾದ್ರೂ ಇರ್ಲಿ ಅಂತ ಅವರನ್ನ ಕಳಿಸ್ದೆ. ನಾನೇ ಫೋನ್ ಮಾಡಿದ್ರೆ, ನೀವು ಬಿದ್ದಿದ್ದು ಕೇಳಿಸ್ಕೊಂಡು ಅಲ್ಲಿ ನಿಂತಿರ್ಬೇಕಾಗ್ತಿತ್ತು."

"ನಾನು ಬೀಳ್ಲಿಲ್ಲ."

"ಗೊತ್ತು."

"ಬಿದ್ದಿದ್ರೂ ನಿನ್ನ ದನಿ ಕೇಳಿ ಬೀಳ್ತಿದ್ದೆ ಕಣೋ. ಅದು ಬೇರೆ."

ಒಳಗೆ ಚೊಂಬು ಹಂಡೆಗೆ ತಾಗಿದ ಸದ್ದಾಯಿತು. ಒಂದರ ಮೇಲೊಂದು ಚೊಂಬು ನೀರು ಬೀಳತೊಡಗಿತು, ಬೇಗ ಬೇಗ. ಅಳುವುದು ಕೇಳಬಾರದೆಂದು ಹಾಗೆ ಹಾಕಿಕೊಳ್ಳುತ್ತಿದ್ದರೋ ಏನೋ. ದೊಡ್ಡಮ್ಮ ತಡೆಯಲಿಲ್ಲ. ಹಂಡೆ ಬರಿದಾಗುತ್ತದೆ ಎಂದೂ ಹೇಳಲಿಲ್ಲ. ಬಾಗಿಲನ್ನು ಸ್ವಲ್ಪ ತಳ್ಳಿ ಪಂಚೆಯನ್ನು ಒಳಕ್ಕೆ ಕೊಟ್ಟರು.

ಡ್ರೈವರ್ ಹುಡುಕಿಕೊಂಡು ನಮ್ಮ ಹಿತ್ತಿಲಿಗೆ ಬಂದ. "ಸಾಹೇಬ್ರು ಎಲ್ಲಿ ಮಾರಾಯ್ತಿ? ಪಾಲಿಕೆಯಿಂದ ಫೋನು, ಹನ್ನೆರಡಕ್ಕೆ ಮೀಟಿಂಗ್ ಅಂತೆ."

ನಾನು ಗೋಡೆಯ ಕಡೆ ಕೈ ತೋರಿಸಿದೆ. ಅವನು ಇಣುಕಿ ನೋಡಿದ. ಸಾಹೇಬರು ಮೇಲಕ್ಕೆ ಎತ್ತಿ ಕಟ್ಟಿದ ಹಳೆಯ ಪಂಚೆಯಲ್ಲಿ, ತಲೆಯಿಂದ ನೀರು ಇಳಿಯುತ್ತಿರುವಂತೆ, ಬಚ್ಚಲ ಹೊರಗಿನ ಮಣೆಯ ಮೇಲೆ ಕುಳಿತಿದ್ದರು. ದೊಡ್ಡಮ್ಮ ಸ್ನಾನಕ್ಕೆ ಒಳಗೆ ಹೋಗಿದ್ದರು. ಡ್ರೈವರ್ ಫೋನನ್ನು ಆಫ್ ಮಾಡಿ ಜೇಬಿಗೆ ಹಾಕಿಕೊಂಡು ಹೊರಟುಹೋದ.

ಬಚ್ಚಲಿನಿಂದ ಒಂದು ಚೊಂಬು ನೀರು ಬಿದ್ದ ಸದ್ದು.

"ಇದ್ದೀಯೇನೋ?"

"ಇದ್ದೀನಿ ಅತ್ತೆ."

ಇನ್ನೊಂದು ಚೊಂಬು. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ.

ನಮ್ಮ ಮನೆಯೊಳಗಿನಿಂದ ಅಮ್ಮ ಕರೆದರು, ಅಜ್ಜಿಯ ತಲೆಯಿದ್ದ ಜಾಗದಲ್ಲಿ ಹಚ್ಚಿದ್ದ ದೀಪಕ್ಕೆ ಎಣ್ಣೆ ಹಾಕಬೇಕಿತ್ತು. ನಾನು ತಟ್ಟೆಗಳನ್ನು ಕಲ್ಲಿನ ಮೇಲೇ ಬಿಟ್ಟು ಒಳಗೆ ಹೋದೆ.